ಮೂರು ಪರ್ಸೆಂಟ್ ತೇವ

ಮಣ್ಣು ಪರೀಕ್ಷೆಯ ಲ್ಯಾಬಿಗೆ ಹೊಸದಾಗಿ ಸೇರಿದವರು ಮೊದಲ ವಾರದಲ್ಲೇ ಕೇಳುತ್ತಾರೆ: "ಸರ್, ಮಣ್ಣು ಪೂರ್ತಿ ಒಣಗಿತು ಅಂತ ಗೊತ್ತಾಗುವುದು ಹೇಗೆ?" ಉತ್ತರ ಸುಲಭ. ಬಿಸಿ ಮಾಡಿ ತೂಗಬೇಕು, ಮತ್ತೆ ಬಿಸಿ ಮಾಡಿ ತೂಗಬೇಕು. ತೂಕ ಇಳಿಯುವುದು ನಿಂತರೆ ಒಣಗಿತು. ಹೋದ ತೂಕವೆಲ್ಲ ನೀರು. ಇಷ್ಟನ್ನು ಕಲಿಯಲು ನನಗೆ ಒಂದು ದಿನ ಸಾಕಾಯಿತು. ಇದರಲ್ಲಿ ಎಲ್ಲೆಲ್ಲಿ ಕಾಲು ಜಾರುತ್ತದೆ ಎಂದು ತಿಳಿಯಲು ಮೂವತ್ತನಾಲ್ಕು ವರ್ಷ ಹಿಡಿಯಿತು. ಕೊನೆಯ ಸಲ ಜಾರಿದ್ದು ನಿವೃತ್ತಿಗೆ ನಾಲ್ಕು ತಿಂಗಳು ಇರುವಾಗ. ಅದನ್ನು ಬರೆಯಲೆಂದೇ ಕುಳಿತಿದ್ದೇನೆ, ಆದರೆ ನೇರ ಅಲ್ಲಿಗೆ ಹೋದರೆ ನಿಮಗೆ ಬುಡ ತುದಿ ಗೊತ್ತಾಗದು. ಸ್ವಲ್ಪ ಹಿಂದಿನಿಂದ ಬರುತ್ತೇನೆ.

ಊರು ಉಡುಪಿ ಕಡೆ, ಬೆಳೆದದ್ದು ಡೊಂಬಿವಲಿಯಲ್ಲಿ, ದೊಡ್ಡಪ್ಪನ ಮನೆಯಲ್ಲಿ. ಮನೆಯಲ್ಲಿ ತುಳು, ಊರಿಗೆ ಕಾಗದ ಬರೆಯುವಾಗ ಕನ್ನಡ. ದೊಡ್ಡಪ್ಪ ಹೇಳುತ್ತಾ ಹೋಗುತ್ತಿದ್ದರು, ನಾನು ಬರೆಯುತ್ತಿದ್ದೆ. ನನಗೆ ಬರುವ ಕನ್ನಡ ಆ ಇನ್‌ಲ್ಯಾಂಡ್ ಪತ್ರಗಳದ್ದು. ಥಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದ ಅವರಿಗೆ ನಾನೂ ಗಲ್ಲಾದಲ್ಲಿ ಕೂರಬೇಕೆಂಬ ಆಸೆ. ನಾನು ಬಿ.ಎಸ್ಸಿ. ಮುಗಿಸಿ ಲ್ಯಾಬ್ ಸೇರಿದ ದಿನ ದೊಡ್ಡಮ್ಮನಿಗೆ ಹೇಳಿದರು: "ಇವನಿಗೆ ಎಂಥ ಕೆಲಸ ಗೊತ್ತುಂಟಾ? ಒದ್ದೆ ಮಣ್ಣು ಒಣಗಿಸುವುದಂತೆ. ಅದಕ್ಕೆ ಸಂಬಳ ಬೇರೆ ಕೊಡ್ತಾರಂತೆ." ನನ್ನ ಉದ್ಯೋಗವನ್ನು ಇದಕ್ಕಿಂತ ಚೆನ್ನಾಗಿ ಆಮೇಲೆ ಯಾರೂ ವಿವರಿಸಲಿಲ್ಲ.

ಲ್ಯಾಬ್ ಇದ್ದದ್ದು ರಬಾಳೆಯ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ. ಟ್ರಾನ್ಸ್-ಹಾರ್ಬರ್ ರೈಲು ಶುರುವಾಗುವ ಮೊದಲು ಥಾಣೆಯಲ್ಲಿ ಇಳಿದು ಬಸ್ಸು ಹಿಡಿಯಬೇಕಿತ್ತು. ನವಿ ಮುಂಬಯಿ ಆಗ ಎದ್ದು ನಿಲ್ಲುತ್ತಿತ್ತು. ಎಲ್ಲಿ ನೋಡಿದರೂ ಮಣ್ಣು ತುಂಬಿಸುವ ಕೆಲಸ. ರಸ್ತೆಗೆ ಮಣ್ಣು ಹಾಸಿ ರೋಲರ್ ಓಡಿಸುವಾಗ ನೀರು ಹದವಾಗಿರಬೇಕು. ಕಡಿಮೆಯಾದರೆ ಮಣ್ಣು ಕೂರುವುದಿಲ್ಲ. ಹೆಚ್ಚಾದರೆ ರೋಲರಿನ ಅಡಿಯಲ್ಲಿ ಇಡ್ಲಿ ಹಿಟ್ಟಿನ ಹಾಗೆ ಅತ್ತಿತ್ತ ಸರಿಯುತ್ತದೆ. ಒಂದು ಪದರ ಪಾಸಾಗದೆ ಅದರ ಮೇಲೆ ಇನ್ನೊಂದು ಪದರ ಹಾಕುವಂತಿಲ್ಲ. ಆ ಪಾಸು-ಫೇಲಿನ ಚೀಟಿ ನಮ್ಮ ಲ್ಯಾಬಿನಿಂದ ಹೋಗಬೇಕು.

ಆಗ ಇದ್ದದ್ದು ಒಂದೇ ದಾರಿ. ಮಣ್ಣನ್ನು ಸಣ್ಣ ಅಲ್ಯುಮಿನಿಯಮ್ ಡಬ್ಬಿಯಲ್ಲಿ ತೂಗಿ ನೂರಾ ಐದು ಡಿಗ್ರಿಯ ವಿದ್ಯುತ್ ಓವನಿನಲ್ಲಿ ಇಡಬೇಕು, ಇಪ್ಪತ್ತನಾಲ್ಕು ಗಂಟೆ ಕಾಯಬೇಕು, ತೆಗೆದು ತೂಗಬೇಕು. ಕಂಟ್ರಾಕ್ಟರುಗಳು ಬಾಗಿಲಲ್ಲಿ ನಿಂತು ಗೋಗರೆಯುತ್ತಿದ್ದರು. ನನಗೆ ಕೆಲಸ ಕಲಿಸಿದ ಹಿರಿಯರು ನಾಯಕ್ ಮಾಮ್, ಕುಮಟಾ ಕಡೆಯವರು, ಕೊಂಕಣಿ ಮನೆಮಾತು. ಅವರು ತಲೆ ಎತ್ತದೆ ಹೇಳುತ್ತಿದ್ದರು: "ಅಷ್ಟು ಅರ್ಜೆಂಟ್ ಇದ್ರೆ ನೀವೇ ಓವನ್ ಒಳಗೆ ಹೋಗಿ ಕೂತ್ಕೊಳ್ಳಿ ಮಾರಾಯ್ರೆ. ಊದಿ ಒಣಗಿಸಿ."

ಆಮೇಲೆ ಮೈಕ್ರೋವೇವ್ ಬಂತು. ನಮ್ಮ ಮ್ಯಾನೇಜರ್ ದಾಮ್ಲೆ ಸಾಹೇಬರು ಪುಣೆಯ ಯಾವುದೋ ಲ್ಯಾಬಿನಲ್ಲಿ ನೋಡಿ ಬಂದು, ಅಡುಗೆಮನೆಗೆ ತರುವಂಥದ್ದೇ ಒಂದು ಓವನ್ ತರಿಸಿ ಮೇಜಿನ ಮೇಲೆ ಇಡಿಸಿದರು. "ಆಚಾರ್ಯ, ಇಪ್ಪತ್ತನಾಲ್ಕು ಗಂಟೆ ಅಲ್ಲ, ಇಪ್ಪತ್ತು ನಿಮಿಷ," ಎಂದರು. ನಾನು ಉತ್ಸಾಹದಲ್ಲಿ ಮಾಮೂಲಿ ಅಲ್ಯುಮಿನಿಯಮ್ ಡಬ್ಬಿಯನ್ನೇ ಒಳಗಿಟ್ಟು ಬಟನ್ ಒತ್ತಿದೆ. ಲೋಹ ಇಡಬಾರದೆಂದು ಪುಸ್ತಿಕೆಯಲ್ಲಿ ಇತ್ತು, ಪುಸ್ತಿಕೆ ದಾಮ್ಲೆಯವರ ಡ್ರಾಯರಿನಲ್ಲಿತ್ತು. ಓವನಿನೊಳಗೆ ನೀಲಿ ಕಿಡಿ ಹಾರಿ ಚಟಚಟ ಎಂದಿತು. ನಾಯಕ್ ಮಾಮ್ ಹೋಗಿ ಪ್ಲಗ್ ಎಳೆದು, "ನಿನಗೆ ದೀಪಾವಳಿ ಬೋನಸ್ ಈಗಲೇ ಬೇಕಾಯ್ತಾ?" ಎಂದರು. ಅಂದಿನಿಂದ ಪಿಂಗಾಣಿ ಬಟ್ಟಲು.

ತಪ್ಪುಗಳು ಅಲ್ಲಿಗೆ ಮುಗಿಯಲಿಲ್ಲ. ಕಲ್ಯಾಣದ ಆಚೆ ಒಂದು ಕಾಂಕ್ರೀಟ್ ಪ್ಲಾಂಟಿಗೆ ಮರಳಿನ ತೇವ ಅಳೆಯಲು ಓವನನ್ನೇ ಹೊತ್ತುಕೊಂಡು ಹೋಗಿದ್ದೆವು. ಮರಳಿನಲ್ಲಿದ್ದ ಒಂದು ಬೆಣಚು ಕಲ್ಲು ಬಿಸಿಗೆ ಸಿಡಿದು ಬಟ್ಟಲು ಎರಡು ಹೋಳಾಯಿತು. ಕಲ್ಲಿನೊಳಗೆ ಸಿಕ್ಕಿದ ನೀರಿಗೆ ಹೊರಗೆ ಬರಲು ದಾರಿ ಸಿಗದಿದ್ದರೆ ಅದು ಹೀಗೆ ದಾರಿ ಮಾಡಿಕೊಳ್ಳುತ್ತದೆ. ಇನ್ನೊಮ್ಮೆ ಜಿಪ್ಸಮ್ ಪುಡಿಯನ್ನು ಒಣಗಿಸಿ ತೇವ ವಿಪರೀತ ಹೆಚ್ಚೆಂದು ಬರೆದು ಕಳಿಸಿದೆ. ಜಿಪ್ಸಮ್ಮಿನ ಮೈಯಲ್ಲೇ ನೀರು ಕಟ್ಟಿಕೊಂಡಿರುತ್ತದೆ. ಅದು ಒದ್ದೆಯಲ್ಲ, ಅದರ ಅಂಗವೇ. ಹದವಾಗಿ ಬಿಸಿ ಮಾಡಿದರೆ ಹೊರಗಿನ ನೀರು ಹೋಗುತ್ತದೆ, ಮಿತಿಮೀರಿದರೆ ಅಂಗದ ನೀರೂ ಹೋಗುತ್ತದೆ. ತೂಕದ ಯಂತ್ರಕ್ಕೆ ಎರಡೂ ಒಂದೇ. ಕೆಲವು ಜಾತಿಯ ಜೇಡಿಮಣ್ಣಿನದೂ ಇದೇ ಗುಣ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮಿತಿಮೀರದಂತೆ ಏನು ಮಾಡಬೇಕು? ಮೊದಲು ಮೂರು ನಿಮಿಷ, ಆಮೇಲೆ ಒಂದೊಂದೇ ನಿಮಿಷ ಬಿಸಿ ಮಾಡಬೇಕು. ಪ್ರತಿ ಸಲ ಹೊರತೆಗೆದು ಗಾಜಿನ ಕಡ್ಡಿಯಿಂದ ಕೆದಕಿ ತೂಗಬೇಕು. ಇದರ ಜೊತೆಗೆ ಓವನಿನ ಮೂಲೆಯಲ್ಲಿ ಒಂದು ಗಾಜಿನ ಬೀಕರಿನಲ್ಲಿ ನೀರು ಇಟ್ಟಿರಬೇಕು. ಮೈಕ್ರೋವೇವಿಗೆ ನೀರು ಸಿಗಬೇಕು, ಅದನ್ನೇ ಅದು ಹುಡುಕುವುದು. ಮಣ್ಣಿನಲ್ಲಿ ನೀರು ಮುಗಿದ ಮೇಲೆ ಅದರ ಹಸಿವು ಬೀಕರಿನ ನೀರಿಗೆ ತಿರುಗುತ್ತದೆ, ಮಣ್ಣು ಬಚಾವಾಗುತ್ತದೆ. ಬೀಕರಿನಲ್ಲಿ ನೀರಿಲ್ಲದಿದ್ದರೆ ಮಣ್ಣನ್ನೇ ಸುಡುತ್ತದೆ.

ನಾಯಕ್ ಮಾಮ್ ಮೈಕ್ರೋವೇವನ್ನು ಒಪ್ಪಿಕೊಂಡರೂ ಒಂದು ಷರತ್ತು ಹಾಕಿದ್ದರು. ಅದೇ ಮಣ್ಣಿನ ಇನ್ನೊಂದು ಡಬ್ಬಿ ಹಳೆಯ ಓವನಿನಲ್ಲೂ ಇರಬೇಕು. ಚೀಟಿ ಇವತ್ತೇ ಹೋಗಲಿ, ನಾಳೆ ತಾಳೆ ನೋಡಬೇಕು. ಅವರು ನಿವೃತ್ತರಾಗಿ ಊರಿಗೆ ಹೋದ ಮೇಲೂ ನಾವು ಆ ಪದ್ಧತಿ ಬಿಡಲಿಲ್ಲ. ವರ್ಷಗಟ್ಟಲೆ ಎರಡೂ ಒಂದೇ ಹೇಳಿದ್ದರಿಂದ ತಾಳೆ ನೋಡುವುದು ಪೂಜೆಗೆ ಗಂಟೆ ಬಾರಿಸಿದ ಹಾಗೆ ಆಗಿತ್ತು.

ಈಗ ನನ್ನ ಕಷಾಯದ ವಿಷಯ. ನಮ್ಮ ಕಡೆಯವರಿಗೆ ಗೊತ್ತು: ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು ಹುರಿದು ಮಾಡಿದ ಪುಡಿ. ಅದಕ್ಕೆ ಕುದಿಯುವ ನೀರೊಂದು ಬೇಕು, ಬೆಲ್ಲ ಒಂದು ಚೂರು. ಲ್ಯಾಬಿನ ಚಹಾ ಹೊರಗಿನ ಟಪರಿಯಿಂದ, ರಸ್ತೆ ಬದಿಯ ಗೂಡಂಗಡಿಯಿಂದ, ಬರುತ್ತಿತ್ತು, ನನಗೆ ಆಗಿಬರುತ್ತಿರಲಿಲ್ಲ. ಮೈಕ್ರೋವೇವಿನ ಮೂಲೆಯಲ್ಲಿ ಬೀಕರಿನ ನೀರು ದಿನಾ ನಾಲ್ಕು ಗಂಟೆಗೆ ಕುದಿಯುತ್ತಿರುತ್ತದೆ. ಫಿಲ್ಟರಿನ ನೀರು, ತೊಳೆದ ಬೀಕರು. ಅದನ್ನು ಲೋಟಕ್ಕೆ ಬಗ್ಗಿಸಿಕೊಂಡು ಬೀಕರಿಗೆ ಬೇರೆ ನೀರು ತುಂಬಿಸಿ ಇಡುವುದು ನನಗೆ ಅಭ್ಯಾಸವಾಗಿತ್ತು. ಓವನಿನ ಬಾಗಿಲಿಗೆ "ಇದರಲ್ಲಿ ಊಟ-ತಿಂಡಿ ಬಿಸಿ ಮಾಡಕೂಡದು" ಎಂದು ಮೂರು ಭಾಷೆಯಲ್ಲಿ ಬರೆದು ಅಂಟಿಸಿದವನೂ ನಾನೇ. ಕಷಾಯ ಊಟವೂ ಅಲ್ಲ, ತಿಂಡಿಯೂ ಅಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಆ ವರ್ಷ ನಮಗೆ ಕಳಂಬೋಲಿ ಹತ್ತಿರದ ಒಂದು ರಸ್ತೆ ಕೆಲಸ ಇತ್ತು. ಕಬ್ಬಿಣದ ಗೋದಾಮುಗಳಿಗೆ ಹೋಗುವ ಟ್ರೇಲರುಗಳಿಗಾಗಿ ಎತ್ತರದ ಮಣ್ಣಿನ ದಿಬ್ಬ ಕಟ್ಟುತ್ತಿದ್ದರು. ಕಂಟ್ರಾಕ್ಟರನ ಕಡೆಯಿಂದ ಮಣ್ಣು ಹಾಸುವುದು, ನೀರು ಹೊಡೆಯುವುದು, ರೋಲರ್ ಓಡಿಸುವುದು ಎಲ್ಲಕ್ಕೂ ಒಬ್ಬನೇ ಸೂಪರ್‌ವೈಸರ್: ಬಸವರಾಜ, ವಿಜಯಪುರ ಕಡೆಯವನು, ಕಾಮೋಠೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಬಾಡಿಗೆ ಮನೆ. ಸ್ಯಾಂಪಲ್ ಚೀಲವನ್ನು ಬೈಕಿನ ಮುಂದೆ ಇಟ್ಟುಕೊಂಡು ತಾನೇ ತರುತ್ತಿದ್ದ. ಕೊಡುವ ಮೊದಲು ಒಂದು ಹಿಡಿ ತೆಗೆದು ಅಂಗೈಯಲ್ಲಿ ಅದುಮಿ ಉಂಡೆ ಮಾಡಿ, ಎರಡು ಬೆರಳಲ್ಲಿ ಮುರಿದು ನೋಡುತ್ತಿದ್ದ.

"ಹದಿನೈದೂವರಿ, ಹದಿನಾರು ಐತ್ರಿ ಆಚಾರ್ರ. ಬರ್ಕೋರಿ."

"ಹಾಗಾದ್ರೆ ನಾವು ಯಾಕೆ ಇಲ್ಲಿ ಕೂತದ್ದು ಮಾರಾಯಾ?"

"ಸಹಿ ಮಾಡಾಕ್ರಿ. ನನ್ನ ಕೈಗೆ ಲೆಟರ್‌ಹೆಡ್ ಇಲ್ಲಲ್ರಿ."

ಹತ್ತರಲ್ಲಿ ಎಂಟು ಸಲ ಅವನ ಮಾತು ನಮ್ಮ ಲೆಕ್ಕದ ಹತ್ತಿರ ಬರುತ್ತಿತ್ತು. ಮಿಕ್ಕ ಎರಡು ಸಲ ಬರುತ್ತಿರಲಿಲ್ಲ. ಅದಕ್ಕೇ ಲ್ಯಾಬ್ ಇರುವುದು.

ಮೇ ಕೊನೆಯ ವಾರ. ಮಳೆ ಬರುವ ಮೊದಲು ದಿಬ್ಬದ ಮೇಲಿನ ಪದರಗಳು ಮುಗಿಯಬೇಕು. ಕೆಲಸದ ಶುರುವಿನಲ್ಲೇ ಎರಡು ಪದರ ಫೇಲಾಗಿದ್ದವು, ಆಗ ಅಲ್ಲಿದ್ದ ಸೂಪರ್‌ವೈಸರನನ್ನು ತೆಗೆದು ಬಸವರಾಜನನ್ನು ಹಾಕಿದ್ದರು. ಕೆಲಸದ ಮೇಲ್ವಿಚಾರಣೆ ಮಾಡುವ ಕನ್ಸಲ್ಟೆಂಟ್ ಕಂಪೆನಿಯ ಇಂಜಿನಿಯರ್ ಬರೆದೇ ಕೊಟ್ಟಿದ್ದರು: ಈ ಪದರವೂ ಫೇಲಾದರೆ ಅಗೆದು ತೆಗೆಯಬೇಕು, ಈ ಸೂಪರ್‌ವೈಸರೂ ಸೈಟಿನಲ್ಲಿ ಇರಕೂಡದು. ಮಳೆಗಾಲದಲ್ಲಿ ಮಣ್ಣಿನ ಕೆಲಸ ಎಲ್ಲೂ ನಡೆಯುವುದಿಲ್ಲ. ಜೂನಿನಲ್ಲಿ ಸೈಟು ಬಿಟ್ಟವನಿಗೆ ದಸರೆಯವರೆಗೆ ಯಾರೂ ಕೆಲಸ ಕೊಡುವುದಿಲ್ಲ. ಬಸವರಾಜ ಸ್ಯಾಂಪಲ್ ಕೊಡುವಾಗ ಇದನ್ನು ಹವಾಮಾನದ ಸುದ್ದಿಯಂತೆ ಹೇಳಿದ. "ಪಾಸ್ ಆತಂದ್ರ ಇಲ್ಲೇ. ಇಲ್ಲಂದ್ರ ಮಂದಿ ಮಕ್ಕಳ ಕಟ್ಕೊಂಡು ಊರಿಗ್ರಿ. ಹುಡುಗಿ ಸಾಲಿ ನಡಕ ಬಿಡಸಬೇಕು, ಅಷ್ಟ."

ಅಂದು ಪರೀಕ್ಷೆ ಮಾಡಿದವಳು ಸ್ನೇಹಾ. ನಮ್ಮ ಲ್ಯಾಬಿನಲ್ಲಿ ಮೂರು ವರ್ಷದಿಂದ ಇದ್ದ ಟೆಕ್ನಿಷಿಯನ್, ಐರೋಲಿಯವಳು. ತಂದೆ-ತಾಯಿ ಕುಂದಾಪುರದವರು, ನಾವು ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. ಕೈ ಶುದ್ಧ, ಬರವಣಿಗೆ ಶುದ್ಧ. ಅವಳು ಒಂದು ಡಬ್ಬಿಯನ್ನು ಹಳೆಯ ಓವನಿಗೆ ಹಾಕಿ, ಬಟ್ಟಲಿನ ಮಣ್ಣನ್ನು ಮೈಕ್ರೋವೇವಿಗೆ ಇಟ್ಟಳು. ಮೂರು ನಿಮಿಷ ಕಳೆದು ಬಟ್ಟಲನ್ನು ತೂಗಲು ಪಕ್ಕದ ಕೋಣೆಗೆ ಒಯ್ದಳು. ನಾನು ಅದೇ ಹೊತ್ತಿಗೆ ಓವನಿನ ಬಾಗಿಲು ತೆಗೆದು, ಕುದಿಯುವ ನೀರನ್ನು ನನ್ನ ಲೋಟಕ್ಕೆ ಬಗ್ಗಿಸಿದೆ. ಫಿಲ್ಟರಿನ ಕಡೆ ಹೊರಟಾಗ ಫೋನು ರಿಂಗಾಯಿತು. ಕಲ್ಯಾಣದ ಕಾಂಕ್ರೀಟ್ ಪ್ಲಾಂಟಿನವರು. ಬೀಕರನ್ನು ಕೈಯಲ್ಲಿ ಹಿಡಿದುಕೊಂಡು ಮಾತಾಡುವುದು ಯಾಕೆ ಎಂದು ಓವನಿನೊಳಗೆ ಅದರ ಜಾಗದಲ್ಲೇ ಇಟ್ಟು ಹೊರಗೆ ಹೋದೆ. ಮರಳಿನ ವಿಷಯ ಉದ್ದವಾಯಿತು. ಕಷಾಯ ಕುಡಿದೆ. ಬೀಕರು ಮನಸ್ಸಿನಿಂದಲೇ ಹೋಯಿತು.

ಐದೂವರೆಗೆ ಸ್ನೇಹಾ ಹಾಳೆ ತಂದಳು. ತೇವ ಹತ್ತೊಂಬತ್ತು. ಹದಿನಾರಿದ್ದರೆ ಪದರ ಪಾಸು, ಹತ್ತೊಂಬತ್ತಕ್ಕೆ ಫೇಲು. ಲೆಕ್ಕ ಹೀಗೆ: ಗುಂಡಿ ತೋಡಿ ತೆಗೆದ ಮಣ್ಣಿನ ಒದ್ದೆ ತೂಕ ನಮಗೆ ಗೊತ್ತು. ಅದರಲ್ಲಿ ನೀರು ಹೆಚ್ಚೆಂದು ಬಂದರೆ ಮಣ್ಣು ಕಡಿಮೆಯೆಂದು ಅರ್ಥ. ಮಣ್ಣು ಕಡಿಮೆಯೆಂದರೆ ರೋಲರ್ ಸರಿಯಾಗಿ ಒತ್ತಿಲ್ಲ ಎಂದು ಅರ್ಥ. ಮೂರು ಪರ್ಸೆಂಟಿನಲ್ಲಿ ಒಬ್ಬ ಮನುಷ್ಯ ನಿಂತಿದ್ದ.

"ಅಂಕಲ್, ವೇಟ್ ರುಕ್ ಹೀ ನಹೀ ರಹಾ ಥಾ," ಎಂದಳು. ತೂಕ ಇಳಿಯುವುದು ನಿಲ್ಲಲೇ ಇಲ್ಲವಂತೆ, ಹದಿಮೂರು ಸಲ ಬಿಸಿ ಮಾಡಿದಳಂತೆ.

ಸಾಮಾನ್ಯವಾಗಿ ಏಳೆಂಟು ಸಲಕ್ಕೆ ನಿಲ್ಲುತ್ತದೆ. ನಾನು ಕನ್ನಡಕ ಏರಿಸಿ ಹಾಳೆ ನೋಡಿದೆ. ಗಂಟೆ ನೋಡಿದೆ. ಥಾಣೆ ಗಾಡಿ ತಪ್ಪಿದರೆ ಅಲ್ಲಿ ಡೊಂಬಿವಲಿ ಫಾಸ್ಟ್ ಲೋಕಲ್ ತಪ್ಪುತ್ತದೆ. "ಜೇಡಿ ಜಾಸ್ತಿ ಇರಬೇಕು," ಎಂದು ಸಹಿ ಹಾಕಿದೆ. ರಿಪೋರ್ಟು, ತೂಕದ ಹಾಳೆಯ ಫೋಟೋ ಎರಡೂ ಕನ್ಸಲ್ಟೆಂಟಿಗೆ ಹೋದವು. ಎಳೆಯರೇ, ಮೂವತ್ತನಾಲ್ಕು ವರ್ಷದ ಅನುಭವ ಎಂದು ಯಾರಾದರೂ ಹೇಳಿಕೊಂಡರೆ ಅದರಲ್ಲಿ ಇಂಥ ಸಹಿಗಳೂ ಸೇರಿರುತ್ತವೆ.

ಮರುದಿನ ಬೆಳಗ್ಗೆ ಹತ್ತಕ್ಕೆ ಬಸವರಾಜ ಬಾಗಿಲಲ್ಲಿ. ಕೈಯಲ್ಲಿ ಚೀಲವಿಲ್ಲ, ಮುಷ್ಟಿಯಲ್ಲಿ ಮಣ್ಣಿತ್ತು.

"ಆಚಾರ್ರ, ಹನ್ನೆರಡಕ್ಕ ಜೆಸಿಬಿ ಬರತೈತಿ ಅಗಿಯಾಕ. ನನಗ ಗೇಟ್ ಪಾಸ್ ಕೊಟ್ಟು ಹೋಗಂದಾರ. ಹತ್ತೊಂಬತ್ತು ಹೆಂಗ ಬಂತ್ರಿ?"

"ಬಂದದ್ದು ಬರೆದದ್ದು, ಬಸವರಾಜ. ನಿನ್ನ ಕೈ ದಿನಾ ಸರಿ ಇರ್ತದಾ?"

"ಇರಂಗಿಲ್ರಿ. ಖರೇ. ಒಂದು ಪರ್ಸೆಂಟ್ ತಪ್ತೀನ್ರಿ. ಮೂರು ತಪ್ಪಂಗಿಲ್ಲ." ಮುಷ್ಟಿಯನ್ನು ನನ್ನ ಮೇಜಿನ ಮೇಲೆ ಬಿಚ್ಚಿದ. "ಹತ್ತೊಂಬತ್ತಿದ್ರ ಇದು ಕೈಗೆ ಅಂಟಬೇಕ್ರಿ. ಹಿಡದ ನೋಡ್ರಿ ನೀವ."

ನಾನು ಹಿಡಿದು ನೋಡಲಿಲ್ಲ. ನೋಡಿದರೆ ಅವನ ಮಾತು ಒಪ್ಪಿದ ಹಾಗಾಗುತ್ತದೆ ಎಂಬ ಬಿಗುಮಾನ. "ಹಳೆಯ ಓವನಿನಲ್ಲಿ ಒಂದು ಡಬ್ಬಿ ಉಂಟು. ಇಪ್ಪತ್ತನಾಲ್ಕು ಗಂಟೆ ಆಗ್ಬೇಕಾದ್ರೆ ನಾಲ್ಕಾಗ್ತದೆ," ಎಂದೆ.

"ನಾಲ್ಕಕ್ಕ ಅಲ್ಲಿ ತಗ್ಗು ಇರತೈತ್ರಿ, ಲೇಯರ್ ಇರಂಗಿಲ್ಲ."

ಅವನ ಮಾತು ಸರಿ. ಇಪ್ಪತ್ತನಾಲ್ಕು ಗಂಟೆ ಎಂಬುದು ರೂಢಿ, ನಿಯಮ ಮೊದಲೇ ಹೇಳಿದೆನಲ್ಲ, ತೂಕ ನಿಲ್ಲುವುದು. ಆಗಲೇ ಹದಿನೆಂಟು ಗಂಟೆ ಆಗಿತ್ತು. ಡಬ್ಬಿ ತೆಗೆಸಿ, ಆರಿಸಿ, ತೂಗಿದೆ. ಮತ್ತೆ ಓವನಿಗೆ ಹಾಕಿ ಮುಕ್ಕಾಲು ಗಂಟೆ ಬಿಟ್ಟು ತೂಗಿದೆ. ಕೂದಲಿನಷ್ಟೂ ಇಳಿದಿರಲಿಲ್ಲ. ಲೆಕ್ಕ ಹಾಕಿದರೆ ಹದಿನಾರು.

ಎರಡು ಒಲೆ ಎರಡು ಮಾತು ಹೇಳಿದ್ದು ಅದೇ ಮೊದಲು. ದಾಮ್ಲೆ ಸಾಹೇಬರು ಕೋಣೆಯಿಂದ ಬಂದರು. ಸ್ನೇಹಾ ನಿನ್ನೆಯ ಬಟ್ಟಲನ್ನು ಕಪಾಟಿನಿಂದ ತಂದಳು. ಮಣ್ಣು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಸುಟ್ಟಿತ್ತು.

"ನೀರು ಇಟ್ಟಿರಲಿಲ್ವಾ ನೀನು?" ದಾಮ್ಲೆ ಹಿಂದಿಯಲ್ಲಿ ಗದರಿದರು.

"ರಖಾ ಥಾ ಸರ್. ಬೀಕರ್ ಅಂದರ್ ಹೀ ಥಾ. ಅಂತ್ ತಕ್ ಥಾ." ಕೊನೆಯವರೆಗೂ ಬೀಕರ್ ಒಳಗೇ ಇತ್ತು ಎಂದಳು.

"ಹಾಗಾದರೆ ಮಣ್ಣು ತಾನಾಗಿ ಸುಟ್ಟಿತಾ? ಮೂರು ವರ್ಷದಿಂದ ಇದನ್ನೇ ಕಲಿತದ್ದಾ?"

ನನಗೆ ಆಗಲೇ ಗೊತ್ತಾಯಿತು. ಬೀಕರು ಇತ್ತು, ನೀರು ಇರಲಿಲ್ಲ. ಗಾಜಿನ ಬೀಕರು, ಆವಿ ಹಿಡಿದ ಓವನು. ಬಟ್ಟಲನ್ನು ಒಳಗಿಡುವ ಅವಸರದಲ್ಲಿ ಮೂಲೆಯ ಬೀಕರು ಖಾಲಿಯೋ ತುಂಬಿದೆಯೋ ಎಂದು ಯಾರು ಬಗ್ಗಿ ನೋಡುತ್ತಾರೆ? ನಾನು ಸುಮ್ಮನಿದ್ದೆ. ಎಷ್ಟು ಹೊತ್ತು ಎಂದು ನೀವು ಕೇಳಬಹುದು. ದಾಮ್ಲೆಯವರು ಇನ್ನೂ ನಾಲ್ಕು ಮಾತು ಬೈದು ಮುಗಿಸುವಷ್ಟು ಹೊತ್ತು. ಸ್ನೇಹಾ ಕಣ್ಣು ಒರೆಸಿಕೊಳ್ಳಲಿಲ್ಲ, ಹಾಳೆಯನ್ನೇ ನೋಡುತ್ತಿದ್ದಳು, ತನ್ನ ಅಂಕಿಗಳಲ್ಲಿ ತಪ್ಪು ಹುಡುಕುತ್ತಾ. ಅದು ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು.

"ನೀರು ನಾನು ತೆಗೆದದ್ದು," ಎಂದೆ. "ಕಷಾಯಕ್ಕೆ."

ದಾಮ್ಲೆಯವರಿಗೆ ಕಷಾಯ ಎಂದರೇನೆಂದು ಮರಾಠಿಯಲ್ಲಿ ವಿವರಿಸಬೇಕಾಯಿತು: ಕಾಢಾ. "ಕಾಢಾ!" ಎಂದರು. ಕುರ್ಚಿ ಎಳೆದು ಕೂತರು. ಬಸವರಾಜನಿಗೆ ವಿವರಿಸಬೇಕಾಗಲಿಲ್ಲ. ಅವನು ಮೇಜಿನ ಮೇಲಿನ ಮಣ್ಣನ್ನು ಒಟ್ಟುಗೂಡಿಸಿ ಕಸದ ಬುಟ್ಟಿಗೆ ಹಾಕಿ, "ಈಗೇನ್ ಮಾಡೂದ್ರಿ?" ಎಂದ.

ದಾಮ್ಲೆಯವರಿಗೆ ತಕ್ಷಣ ಹೊಳೆದದ್ದು ಸುಲಭದ ದಾರಿ. "ಟೈಪಿಂಗ್ ಮಿಸ್ಟೇಕ್ ಅಂತ ಬರೆಯೋಣ. ಹದಿನಾರರ ಬದಲು ಹತ್ತೊಂಬತ್ತು ಬಿತ್ತು. ಆಚಾರ್ಯ ಸಾಹೇಬ್, ನಿಮಗೆ ಉಳಿದದ್ದು ನಾಲ್ಕು ತಿಂಗಳು. ಯಾಕೆ ಬೇಕು?"

"ತೂಕದ ಹಾಳೆಯ ಫೋಟೋ ಅವರ ಹತ್ತಿರ ಉಂಟು ಸರ್. ಹದಿಮೂರು ಸಲದ ತೂಕವೂ ಟೈಪಿಂಗ್ ಮಿಸ್ಟೇಕಾ?"

"ಹಾಗಾದರೆ ಕಾರಣ ಬರೆಯದೆ ಪರಿಷ್ಕೃತ ರಿಪೋರ್ಟ್ ಅಂತ ಕಳಿಸೋಣ."

ಇದಕ್ಕೆ ಉತ್ತರ ಕೊಟ್ಟವನು ಬಸವರಾಜ, ತನ್ನ ಹಿಂದಿಯಲ್ಲಿ. ನಿನ್ನೆ ಫೇಲು, ಇವತ್ತು ನಾನು ಲ್ಯಾಬಿಗೆ ಬಂದು ಹೋದ ಮೇಲೆ ಪಾಸು ಅಂದರೆ ಅವರು ಏನು ತಿಳಿಯುತ್ತಾರೆ ಸಾಹೇಬ್? ಲ್ಯಾಬಿನವರನ್ನು ಕೈಯಲ್ಲಿ ಹಾಕಿಕೊಂಡ ಅಂತ ತಿಳಿಯುತ್ತಾರೆ. ಫೇಲಾಗಿ ಹೋದವನಿಗೆ ಬೇರೆ ಸೈಟಾದರೂ ಸಿಗುತ್ತದೆ, ಕಳ್ಳನಾಗಿ ಹೋದವನಿಗೆ ಸಿಗುವುದಿಲ್ಲ.

ಅವನು ಹೇಳಿದ್ದು ಹೌದು. ನಿಜವಾದ ಕಾರಣ ಕಾಗದದಲ್ಲಿ ಇಲ್ಲದಿದ್ದರೆ ಸರಿಯಾದ ಅಂಕಿಯೂ ಅವನನ್ನು ಉಳಿಸುತ್ತಿರಲಿಲ್ಲ. ನಾನು ಕುಳಿತು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದೆ: ಪರೀಕ್ಷೆಯ ನಡುವೆ ಓವನಿನ ಬೀಕರಿನ ನೀರನ್ನು ನಾನು ಕುಡಿಯಲು ತೆಗೆದೆ. ಖಾಲಿ ಬೀಕರನ್ನು ಹಿಂದಕ್ಕೆ ಇಟ್ಟೆ. ಪರೀಕ್ಷೆ ಮಾಡುತ್ತಿದ್ದವರಿಗೆ ತಿಳಿಸಲಿಲ್ಲ. ಮಣ್ಣು ಸುಟ್ಟು ತೇವ ಹೆಚ್ಚಾಗಿ ಕಂಡಿದೆ. ಹಳೆಯ ಓವನಿನ ಫಲಿತಾಂಶ ಜೊತೆಗಿದೆ.

"ಕುಡಿಯಲು ಅಂತ ಯಾಕೆ? ಬೇರೆ ಕೆಲಸಕ್ಕೆ ಅಂತ ಬರೆಯಿರಿ," ಎಂದರು ದಾಮ್ಲೆ.

"ಯಾವ ಕೆಲಸ ಅಂತ ಕೇಳ್ತಾರೆ ಸರ್. ಆಮೇಲೆ ಅದನ್ನೂ ಬರೀಬೇಕು."

ದಾಮ್ಲೆಯವರು ಕಾಗದ ಓದಿ, ಫೋನು ಮಾಡಿ ಜೆಸಿಬಿಯನ್ನು ಒಂದು ಗಂಟೆ ತಡೆಯಲು ಕೇಳಿಕೊಂಡರು. ಅವರ ಬಗ್ಗೆ ಇದನ್ನು ಹೇಳಲೇಬೇಕು: ಸುಳ್ಳು ಸೂಚಿಸಿದವರು ಅವರೇ, ತಮ್ಮ ಕಾರಿನಲ್ಲಿ ನನ್ನನ್ನೂ ಸ್ನೇಹಾಳನ್ನೂ ಕೂರಿಸಿಕೊಂಡು ಕಳಂಬೋಲಿಗೆ ಹೊರಟವರೂ ಅವರೇ. ಬಸವರಾಜ ಬೈಕಿನಲ್ಲಿ ಮುಂದೆ ಹೋದ.

ನಾವು ತಲುಪಿದಾಗ ಜೆಸಿಬಿ ದಿಬ್ಬದ ಬುಡದಲ್ಲಿ ನಿಂತಿತ್ತು, ಡ್ರೈವರು ನೆರಳಿನಲ್ಲಿ ಊಟದ ಡಬ್ಬಿ ಬಿಚ್ಚಿದ್ದ. ಕನ್ಸಲ್ಟೆಂಟಿನ ಇಂಜಿನಿಯರ್ ನನ್ನ ಮಗನ ಪ್ರಾಯದವರು. ಕಾಗದವನ್ನು ನಿಂತೇ ಓದಿದರು. ಎರಡನೆಯ ಸಲ ಗಟ್ಟಿಯಾಗಿ ಓದಿದರು, ಸುತ್ತ ನಿಂತವರಿಗೆ ಕೇಳುವ ಹಾಗೆ.

"ಪೀ ಗಯೇ? ಟೆಸ್ಟ್ ಕಾ ಪಾನಿ ಪೀ ಗಯೇ ಆಪ್?"

"ಹಾಂ ಜೀ." ಪರೀಕ್ಷೆಯ ನೀರನ್ನು ಕುಡಿದದ್ದು ಹೌದೆಂದು ಒಪ್ಪಿಕೊಂಡೆ.

ರೋಲರಿನ ಮೇಲೆ ಕೂತಿದ್ದವನು ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕರು, ದಾಮ್ಲೆಯವರೂ. ಬಸವರಾಜ ನಗಲಿಲ್ಲ. ನನಗೆ ನಾಚಿಕೆಯಾಯಿತು ಎನ್ನಬೇಕೋ, ಹಗುರವಾಯಿತು ಎನ್ನಬೇಕೋ ಈಗಲೂ ಗೊತ್ತಾಗುವುದಿಲ್ಲ. ತಲೆಯ ಮೇಲೆ ಬಿಸಿಲಿತ್ತು ಎಂಬುದು ಮಾತ್ರ ನೆನಪಿದೆ.

ನಗು ಮುಗಿದ ಮೇಲೆ ಆ ಇಂಜಿನಿಯರ್ ಚೆನ್ನಾಗಿಯೇ ಯೋಚಿಸಿದರು. ಇಂಥ ಕಾರಣವನ್ನು ಯಾರೂ ಕಟ್ಟಿ ಹೇಳುವುದಿಲ್ಲ ಎಂದರು. ಆದರೂ ನಿಮ್ಮ ಹಳೆಯ ಡಬ್ಬಿಯನ್ನು ನಂಬಿ ಪಾಸು ಮಾಡುವುದಿಲ್ಲ. ನನ್ನ ಕಣ್ಣೆದುರು ಹೊಸ ಗುಂಡಿ ಮೂರು ತೋಡಿ, ಡಬ್ಬಿಗಳ ಮೇಲೆ ನನ್ನ ಸೀಲು, ಹಳೆಯ ಓವನ್, ನಾಳೆ ಇದೇ ಹೊತ್ತಿಗೆ ನಾನೇ ಬಂದು ತೂಗಿಸುತ್ತೇನೆ. ಅಲ್ಲಿಯವರೆಗೆ ಯಂತ್ರ ನಿಲ್ಲಲಿ. ಸೂಪರ್‌ವೈಸರೂ ಅಲ್ಲಿಯವರೆಗೆ ನಿಲ್ಲಲಿ.

ಗುಂಡಿ ತೋಡಿದವಳು ಸ್ನೇಹಾ. ನಾನು ಬಗ್ಗಲು ಹೋದಾಗ ಆ ಇಂಜಿನಿಯರ್ ಕೈ ಅಡ್ಡ ಹಿಡಿದು, "ಆಪ್ ರಹನೇ ದೀಜಿಯೇ," ನೀವು ಬಿಡಿ ಎಂದರು. ನಾನು ಬದಿಗೆ ಸರಿದೆ.

ಮರುದಿನ ಅವರು ಹೇಳಿದ ಹೊತ್ತಿಗೇ ಬಂದರು. ಬಸವರಾಜನೂ ಬಂದ, ಒಳಗೆ ಬರಲಿಲ್ಲ, ಶೆಡ್ಡಿನ ಬಾಗಿಲಲ್ಲಿ ಹೆಲ್ಮೆಟ್ ಹಿಡಿದು ನಿಂತ. ಸೀಲು ಒಡೆದು ಒಂದೊಂದೇ ಡಬ್ಬಿ ತೂಗಿದರು. ಮೊದಲನೆಯದು ಹದಿನಾರಕ್ಕೆ ಸ್ವಲ್ಪ ಕಡಿಮೆ. ಎರಡನೆಯದು ಹದಿನಾರು. ಮೂರನೆಯದು ಹದಿನಾರೂವರೆ, ಅಂಚಿನಲ್ಲಿ ಪಾಸು. ಅವರು ಲೆಕ್ಕವನ್ನು ಎರಡು ಸಲ ತಾವೇ ಹಾಕಿದರು. ಪದರ ನಿಂತಿತು.

ನನ್ನ ಹೆಸರು ನಿಲ್ಲಲಿಲ್ಲ. ಆ ಕೆಲಸದ ಯಾವ ರಿಪೋರ್ಟಿಗೂ ನನ್ನ ಸಹಿ ಬೇಡವೆಂದು ಅವರು ಪತ್ರ ಕೊಟ್ಟರು. ದಾಮ್ಲೆಯವರು ಅದನ್ನು ನನಗೆ ತೋರಿಸುವಾಗ, "ವಾದ ಮಾಡಬಹುದು," ಎಂದರು. ವಾದಕ್ಕೆ ಏನೂ ಇರಲಿಲ್ಲ. ಒಂದು ಪದರಕ್ಕೆ ಬೇಡದ ಸಹಿ ಇನ್ನೊಂದು ಗಿರಾಕಿಗೆ ಯಾಕೆ ಬೇಕು ಎಂದು ನಾನೇ ಎಲ್ಲ ರಿಪೋರ್ಟುಗಳ ಸಹಿಯನ್ನು ಸ್ನೇಹಾಳಿಗೆ ವರ್ಗ ಮಾಡಲು ಬರೆದುಕೊಟ್ಟೆ. ಅವಳಿಗೆ ಅದಕ್ಕೆ ಬೇಕಾದ ಪರೀಕ್ಷೆ ಪಾಸಾಗಿತ್ತು. ಹಿರಿಯನೊಬ್ಬ ಕುರ್ಚಿಯಲ್ಲಿ ಇದ್ದನೆಂದು ಕಾಯುತ್ತಿದ್ದಳು, ಅಷ್ಟೇ.

ನಾನು ಅವಳಲ್ಲಿ ಕ್ಷಮೆ ಕೇಳಿದೆನೋ ಎಂದು ನನ್ನ ಹೆಂಡತಿ ಆಗಾಗ ಕೇಳುತ್ತಾಳೆ. ಕೇಳಿದೆ, ಆ ವಾರವೇ. ಅವಳು ಹೇಳಿದ್ದು: "ಅಂಕಲ್, ಆಪ್ ಪೆಹಲೇ ಬೋಲ್ ಸಕತೇ ಥೇ." ಸ್ವಲ್ಪ ಮೊದಲೇ ಹೇಳಬಹುದಿತ್ತು. ದಾಮ್ಲೆಯವರು ಬೈಯುತ್ತಿದ್ದ ಆ ನಾಲ್ಕು ಮಾತಿನ ಹೊತ್ತನ್ನು ಅವಳು ಅಳೆದಿದ್ದಳು.

ಮುಂದಿನ ಪದರದ ಸ್ಯಾಂಪಲ್ ಜೂನ್ ಮೊದಲ ವಾರ ಬಂತು. ಆಕಾಶ ಮುಚ್ಚಿತ್ತು, ಅದೇ ಆ ವರ್ಷದ ಕೊನೆಯ ಪದರ. ಬಸವರಾಜ ಚೀಲ ಹೊತ್ತು ಒಳಗೆ ಬಂದ. ಎಂದಿನಂತೆ ನನ್ನ ಮೇಜಿನ ಕಡೆ ಬಂದವನು ಒಂದು ಹೆಜ್ಜೆಯಲ್ಲಿ ತಿರುಗಿ ಸ್ನೇಹಾಳ ಮುಂದೆ ಇಳಿಸಿದ. ಜೊತೆಗಿದ್ದ ಫಾರಂನಲ್ಲಿ ಸೈಟ್ ಸೂಪರ್‌ವೈಸರ್ ಎಂಬ ಜಾಗದಲ್ಲಿ ಅವನ ಸಹಿ ಇತ್ತು, ಬಿಡಿಬಿಡಿ ಅಕ್ಷರ, ಒತ್ತಿ ಬರೆದದ್ದು.

"ಎಷ್ಟಿದೆ ಬಸವರಾಜ?" ನಾನು ಇದ್ದಲ್ಲಿಂದಲೇ ಕೇಳಿದೆ.

"ನೀವ ಹೇಳ್ರಿ ಈ ಸಲ," ಎಂದು ಚೀಲದ ಬಾಯಿ ಬಿಚ್ಚಿ ನನ್ನ ಕಡೆ ತಿರುಗಿಸಿದ.

ಎದ್ದು ಹೋಗಿ ಕೈ ಹಾಕಿದೆ. ಮೂವತ್ತನಾಲ್ಕು ವರ್ಷ ಡಬ್ಬಿಗೆ ತುಂಬಿದ ಮಣ್ಣನ್ನು ಅಂಗೈಯಲ್ಲಿ ಅದುಮಿ ನೋಡಿದ್ದು ಅದೇ ಮೊದಲು. ಉಂಡೆಯಾಯಿತು. ಮುರಿದೆ. "ಹದಿನೇಳು?" ಎಂದೆ.

"ಹದಿನಾಲ್ಕ್ರಿ," ಎಂದ ಬಸವರಾಜ. "ನೀವು ತೂಕದ ಮಷಿನ್ ಹತ್ರನ ಇರ್ರಿ."

ಸ್ನೇಹಾ ಬಟ್ಟಲಿಗೆ ಮಣ್ಣು ಹಾಕಿ ನನ್ನ ಕೈಗೆ ಕೊಟ್ಟಳು. ಒಯ್ದು ತೂಗಿದೆ. ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳಿದೆ, ಅವಳು ಬರೆದುಕೊಂಡಳು.